ಬೊರಿವಲಿಯ ಕಾಡು ಉಳಿದದ್ದು ಹೇಗೆ?

ಓದುಗರ ಪ್ರಶ್ನೆ: ನಾವು ಬೊರಿವಲಿ ಪೂರ್ವದಲ್ಲಿ ಇರುವವರು. ಊರು ಕಾರ್ಕಳದ ಕಡೆ. ಅಂಗೈಯಗಲ ಜಾಗಕ್ಕೂ ಚಿನ್ನದ ಬೆಲೆಯಿರುವ ಮುಂಬಯಿಯಲ್ಲಿ ನ್ಯಾಷನಲ್ ಪಾರ್ಕಿನಷ್ಟು ದೊಡ್ಡ ಕಾಡನ್ನು ಬಿಲ್ಡರುಗಳು ಹೇಗೆ ಬಿಟ್ಟರು? ಅದು ಮೊದಲಿನಿಂದಲೂ ಕಾಡೇ ಆಗಿತ್ತೇ, ಇಲ್ಲಾ ಸರಕಾರ ನೆಟ್ಟು ಬೆಳೆಸಿದ್ದೇ? ಮಕ್ಕಳು ಕೇಳಿದರೆ ಹೇಳಲಿಕ್ಕೆ ಗೊತ್ತಾಗುವುದಿಲ್ಲ.

ಉತ್ತರ: ಚುಟುಕಾಗಿ ಹೇಳಬೇಕೆಂದರೆ, ಈ ಕಾಡನ್ನು ಉಳಿಸಿದ್ದು ಕುಡಿಯುವ ನೀರು. ರಾಷ್ಟ್ರೀಯ ಉದ್ಯಾನದ ಕಾನೂನು ಬಂದದ್ದು ಬಹಳ ತಡವಾಗಿ. ಅದಕ್ಕೂ ಮೊದಲು ಸುಮಾರು ನೂರು ವರ್ಷ ಈ ಗುಡ್ಡಗಳ ಹೃದಯಭಾಗವನ್ನು ಕಾದದ್ದು ಮುಂಬಯಿಯ ನಲ್ಲಿ ನೀರು. ಮುಲುಂಡ್, ಭಾಂಡುಪಿನ ಓದುಗರೂ ಇದೇ ಪ್ರಶ್ನೆ ಕೇಳುತ್ತಾರೆ. ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಹೊಸದಾಗಿ ಮನೆ ಮಾಡಿದವರೂ ಕೇಳುತ್ತಾರೆ. ಅವರೆಲ್ಲರ ಕಿಟಕಿಯಿಂದ ಕಾಣುವುದು ಒಂದೇ ಕಾಡು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ನಕ್ಷೆ. ಇಂದಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 104 ಚದರ ಕಿಲೋಮೀಟರ್. ಪಶ್ಚಿಮಕ್ಕೆ ಗೋರೆಗಾಂವ್, ಮಲಾಡ್, ಕಾಂದಿವಲಿ, ಬೊರಿವಲಿ, ದಹಿಸರ್. ಪೂರ್ವಕ್ಕೆ ಭಾಂಡುಪ್, ಮುಲುಂಡ್, ಠಾಣೆ. ಉತ್ತರದಲ್ಲಿ ನಾಗ್ಲಾ ಎಂಬ ಒಂದು ತುಂಡು ಕಾಡು ವಸಾಯಿ ಖಾರಿಯ ಆಚೆ ದಡದಲ್ಲಿದೆ. ಮುಂಬಯಿ ಉಪನಗರಗಳೆಲ್ಲ ಕೂತಿರುವ ನೆಲ ಹಿಂದೆ ಸಾಷ್ಟಿ ಎಂಬ ದ್ವೀಪ. ಆ ದ್ವೀಪದ ನಟ್ಟನಡುವಿನ ಗುಡ್ಡಸಾಲೇ ಈ ಕಾಡು. ಅತಿ ಎತ್ತರದ ಜಾಂಬುಳ್‌ಮಾಳ್ ಸುಮಾರು 470 ಮೀಟರ್. ಪಶ್ಚಿಮ ಘಟ್ಟ ಕಂಡವರಿಗೆ ಇದು ದೊಡ್ಡ ಎತ್ತರವಲ್ಲ. ಆದರೆ ಸಮುದ್ರದಿಂದ ಬರುವ ಮಳೆಮೋಡ ತಡೆಯಲು ಇಷ್ಟು ಸಾಕು.

ಮೊದಲಿನಿಂದಲೂ ಕಾಡೇ ಆಗಿತ್ತೇ ಎಂದು ಕೇಳಿದ್ದೀರಿ. ಇಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಇದು ಜನ ತುಂಬಿದ ಜಾಗ. ಉದ್ಯಾನದ ಮುಖ್ಯ ಗೇಟಿನಿಂದ ಆರು ಕಿಲೋಮೀಟರ್ ಒಳಗೆ ಕಾನ್ಹೇರಿ ಗುಹೆಗಳಿವೆ. ಕ್ರಿ.ಪೂ. 1ನೇ ಶತಮಾನದಿಂದ ಹೆಚ್ಚುಕಡಿಮೆ ಸಾವಿರ ವರ್ಷ ಬೌದ್ಧ ಭಿಕ್ಷುಗಳು ಇಲ್ಲಿ ನೆಲೆಸಿದ್ದರು. ಕಪ್ಪು ಬಂಡೆ ಕೊರೆದು ನೂರಕ್ಕೂ ಹೆಚ್ಚು ಗುಹೆ ಮಾಡಿದರು. ಕೃಷ್ಣಗಿರಿ ಎಂಬುದು ಈ ಗುಡ್ಡದ ಹಳೆಯ ಹೆಸರು. ಸೋಪಾರಾ, ಕಲ್ಯಾಣ್ ಮುಂತಾದ ಬಂದರುಗಳು ಹತ್ತಿರವೇ ಇದ್ದವು. ಅಲ್ಲಿನ ವರ್ತಕರು, ಅಕ್ಕಸಾಲಿಗರು, ಗೃಹಸ್ಥರು ಕೊಟ್ಟ ದಾನಗಳ ಲೆಕ್ಕ ಗುಹೆಗಳ ಗೋಡೆಯ ಮೇಲೆ ಬ್ರಾಹ್ಮಿ ಲಿಪಿಯಲ್ಲಿದೆ.

ಕಾನ್ಹೇರಿಗೆ ಹೋದವರು ಸಾಮಾನ್ಯವಾಗಿ 3ನೇ ಗುಹೆಯ ದೊಡ್ಡ ಚೈತ್ಯ (ಬೌದ್ಧರ ಪ್ರಾರ್ಥನಾ ಮಂದಿರ), ಅದರ ಮೊಗಸಾಲೆಯ ಎರಡು ತುದಿಗೆ ನಿಂತ ಭಾರೀ ಬುದ್ಧ ಮೂರ್ತಿಗಳನ್ನು ನೋಡಿ, ಫೋಟೋ ತೆಗೆದು ಇಳಿದುಬಿಡುತ್ತಾರೆ. ಅಲ್ಲಿಗೆ ನಿಲ್ಲಿಸದೆ ಇನ್ನೂ ಮೇಲಕ್ಕೆ ಹತ್ತಬೇಕು. ಚಿಕ್ಕ ಚಿಕ್ಕ ಗುಹೆಗಳ ಮುಂದೆ, ಅಂಗಳದ ಒಂದು ಪಕ್ಕಕ್ಕೆ, ಬಂಡೆಯಲ್ಲೇ ಕೊರೆದ ಚೌಕ ಬಾಯಿಯ ತೊಟ್ಟಿ ಕಾಣುತ್ತದೆ. ಬಾಯಿ ಚಿಕ್ಕದು, ಒಳಗೆ ಹೊಟ್ಟೆ ದೊಡ್ಡದು. ಬಿಸಿಲಿಗೆ ನೀರು ಆರದಿರಲಿ ಎಂದು. ತಲೆಯೆತ್ತಿ ಮೇಲಿನ ಬಂಡೆ ನೋಡಿದರೆ ಬೆರಳಗಲದಿಂದ ಗೇಣಗಲದವರೆಗಿನ ಕಾಲುವೆಗಳು ಕೊರೆದಿವೆ. ಬಂಡೆಯ ಮೇಲೆ ಬಿದ್ದ ಮಳೆ ಹರಿದು ಹೋಗಲು ಬಿಡದೆ, ಒಂದೆಡೆ ಕೂಡಿಸಿ, ಗುಹೆಯ ಬಾಗಿಲಿಗೆ ಸುರಿಯದಂತೆ ಬದಿಗೆ ತಿರುಗಿಸಿ, ತೊಟ್ಟಿಗೆ ಇಳಿಸುವ ಏರ್ಪಾಡು. ಜುಲೈಯಲ್ಲಿ ಜೋರು ಮಳೆ ಬರುವಾಗ ನಾನು ಅಲ್ಲಿ ನಿಂತು ನೋಡಿದ್ದೇನೆ. ಆ ಗೀರುಗಳಲ್ಲಿ ಈಗಲೂ ನೀರು ಅವರು ತೋರಿಸಿದ ದಾರಿಯಲ್ಲೇ ಓಡುತ್ತದೆ. ನಾಲ್ಕು ತಿಂಗಳು ಧಾರಾಕಾರ ಮಳೆ, ಎಂಟು ತಿಂಗಳು ಒಣ ಹವೆ: ಈ ಕರಾವಳಿಯ ಲೆಕ್ಕ ಅವರಿಗೆ ಸರಿಯಾಗಿ ಗೊತ್ತಿತ್ತು.

ದಾನಶಾಸನಗಳಲ್ಲಿ ಈ ತೊಟ್ಟಿಗಳಿಗೆ ಗುಹೆಗಳಷ್ಟೇ ಮಾನ. ಶಾತವಾಹನ ದೊರೆ ವಾಸಿಷ್ಠೀಪುತ್ರ ಶಾತಕರ್ಣಿಯ ರಾಣಿ ಕಾರ್ದಮಕ ವಂಶದ ಮಹಾಕ್ಷತ್ರಪನ (ದೊರೆಯ) ಮಗಳು ಎಂಬುದು ಇತಿಹಾಸಕಾರರಿಗೆ ತಿಳಿದದ್ದು ಕಾನ್ಹೇರಿಯ ಒಂದು ಶಾಸನದಿಂದ. ಆ ಶಾಸನ ಇರುವುದು ಒಂದು ನೀರಿನ ತೊಟ್ಟಿಯ ಮೇಲೆ. ಸತೇರಕನೆಂಬ ಮಂತ್ರಿ ಮಾಡಿಸಿದ ದಾನ ಅದು. ಎರಡು ದೊಡ್ಡ ರಾಜವಂಶಗಳ ನೆಂಟಸ್ತನದ ಸಾಕ್ಷಿ ಒಂದು ಕುಡಿಯುವ ನೀರಿನ ತೊಟ್ಟಿಯಲ್ಲಿ ಉಳಿಯಿತು.

ಕನ್ನಡಿಗರಾದ ನಮಗೆ ಇಲ್ಲಿ ಇನ್ನೊಂದು ನಂಟೂ ಇದೆ. 9ನೇ ಶತಮಾನದಲ್ಲಿ ಈ ಕೊಂಕಣ ಪ್ರದೇಶ ರಾಷ್ಟ್ರಕೂಟರ ಅಧೀನದಲ್ಲಿತ್ತು. ಶಿಲಾಹಾರರು ಅವರ ಸಾಮಂತರಾಗಿ ಆಳುತ್ತಿದ್ದರು. ಮಾನ್ಯಖೇಟದಿಂದ ಆಳಿದ ಅಮೋಘವರ್ಷ ನೃಪತುಂಗನ ಹೆಸರು ಹೇಳುವ ಶಾಸನಗಳು ಕಾನ್ಹೇರಿಯಲ್ಲಿವೆ. ಅವುಗಳಲ್ಲಿ ಒಂದು ಶಕ ವರ್ಷ 765ರದು. ಭಿಕ್ಷುಗಳ ಬಟ್ಟೆಗೆ ಇಷ್ಟು ದ್ರಮ್ಮ (ಆಗಿನ ನಾಣ್ಯ), ಗುಹೆಯ ದುರಸ್ತಿಗೆ ಇಷ್ಟು, ಪುಸ್ತಕಗಳಿಗೆ ಇಷ್ಟು ಎಂದು ಹಣ ಇಟ್ಟ ವಿವರ ಅದರಲ್ಲಿದೆ. ನಮ್ಮ ಸಂಘಗಳ ನೃಪತುಂಗ ಭಾಷಣಗಳಲ್ಲಿ ಬೊರಿವಲಿಯ ಈ ಬಂಡೆಯ ಮಾತು ಬರಬೇಕೆಂದು ನನಗೆ ಬಹಳ ಆಸೆ. ಸ್ಟೇಷನ್ನಿನಿಂದ ಆಟೋ ಹಿಡಿದು ಹೋಗಬಹುದಾದಷ್ಟು ಹತ್ತಿರದಲ್ಲಿದೆ, ನಮ್ಮವರಿಗೆ ಹೆಚ್ಚಿನವರಿಗೆ ಗೊತ್ತಿಲ್ಲ.

ಆಮೇಲೆ ಭಿಕ್ಷುಗಳು ಹೋದರು, ಗುಡ್ಡದಲ್ಲಿ ಮರ ಬೆಳೆಯಿತು. 1534ರಲ್ಲಿ ಸಾಷ್ಟಿ ಪೋರ್ಚುಗೀಸರ ಕೈಸೇರಿತು. 1730ರ ದಶಕದ ಕೊನೆಗೆ ಮರಾಠರು ಗೆದ್ದುಕೊಂಡರು, 1774ರಲ್ಲಿ ಇಂಗ್ಲಿಷರು ಠಾಣೆಯ ಕೋಟೆ ಹಿಡಿದರು. ಈ ಕಾಲದುದ್ದಕ್ಕೂ ಕಣಿವೆಗಳಲ್ಲಿ ಊರುಗಳಿದ್ದವು, ಗದ್ದೆಗಳಿದ್ದವು. ಗುಡ್ಡದ ಮೇಲೆ ಕಾಡು, ಕಾಡಿನಲ್ಲಿ ಆದಿವಾಸಿಗಳ ಪಾಡಾಗಳು, ಅಂದರೆ ಪುಟ್ಟ ಹಳ್ಳಿಗಳು. ಆಗ ಬೊಂಬಾಯಿ ಎಂದರೆ ದಕ್ಷಿಣದ ಚಿಕ್ಕ ದ್ವೀಪಪಟ್ಟಣ. ಸಾಷ್ಟಿಯ ಈ ಗುಡ್ಡ ಅದಕ್ಕೆ ದೂರದ ಸೀಮೆ.

ಕಥೆ ತಿರುಗುವುದು 1850ರ ದಶಕದಲ್ಲಿ. ಪಟ್ಟಣದ ಜನ ಬೆಳೆದು ಬಾವಿ, ಕೆರೆಗಳು ಸಾಲದಾದವು. ಬೇಸಗೆಯಲ್ಲಿ ಬಾವಿ ಬತ್ತಿ, ದನಗಳನ್ನು ಪಟ್ಟಣದಿಂದ ಮಾಹಿಮಿಗೆ ಅಟ್ಟಿ, ಸಾಷ್ಟಿಯಿಂದ ರೈಲಿನಲ್ಲಿ, ದೋಣಿಯಲ್ಲಿ ನೀರು ತರಿಸಿ ಬಾವಿಗಳಿಗೆ ಸುರಿಯುವ ಪರಿಸ್ಥಿತಿ ಬಂತು. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ್ದು 1853ರಲ್ಲಿ. ಅದರ ಮೊದಮೊದಲ ಸರಕುಗಳಲ್ಲಿ ಕುಡಿಯುವ ನೀರೂ ಒಂದು. ಹೆನ್ರಿ ಕೊನಿಬೇರ್ ಎಂಬ ಎಂಜಿನಿಯರು ಸಾಷ್ಟಿಯ ಗುಡ್ಡಗಳ ನಡುವಿನ ವಿಹಾರ್ ಕಣಿವೆಗೆ ಅಣೆಕಟ್ಟು ಹಾಕಿ ಕೊಳವೆಯಲ್ಲಿ ನೀರು ತರುವ ಯೋಜನೆ ಕೊಟ್ಟರು. ಕೆಲಸ 1856ರಲ್ಲಿ ಶುರುವಾಗಿ 1860ರಲ್ಲಿ ಮುಗಿಯಿತು. ಬೊಂಬಾಯಿಗೆ ನಲ್ಲಿ ನೀರು ಬಂತು.

ಆದರೆ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿ ಪಟ್ಟಣಕ್ಕೆ ಜನ ಹರಿದು ಬಂದರು. 1864ರ ಜನಗಣತಿಯಲ್ಲಿ ಸಂಖ್ಯೆ 8,16,562. ವಿಹಾರ್ ಸಾಲದಾಯಿತು. ಪಕ್ಕದ ತುಳಸಿ ಕಣಿವೆಯಲ್ಲಿ ಇನ್ನೊಂದು ಕೆರೆ, 1879ಕ್ಕೆ ಸಿದ್ಧ. 1890ರ ಸುಮಾರಿಗೆ ಪವಾಯಿ. 1892ರಲ್ಲಿ ದೂರದ ತಾನ್ಸಾ ಕೆರೆಯಿಂದ ನೀರು ಬರತೊಡಗಿದ ಮೇಲೆ ಉಸಿರಾಡಲು ಸ್ವಲ್ಪ ಬಿಡುವು ಸಿಕ್ಕಿತು.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ವಿಹಾರ್, ತುಳಸಿ ಎಂಬ ಈ ಎರಡು ಕೆರೆಗಳಲ್ಲಿದೆ. ಕೆರೆ ಕಟ್ಟಿದರೆ ಸಾಲದು, ಕೆರೆಗೆ ನೀರು ಹರಿದುಬರುವ ಇಳಿಜಾರೂ ಶುಚಿಯಾಗಿರಬೇಕು. ಅದು ಕಾಲರಾ ಕಾಲ. ಜಲಾನಯನ ಪ್ರದೇಶದಲ್ಲಿ ಮನೆಯಿದ್ದರೆ, ಹಟ್ಟಿಯಿದ್ದರೆ, ಗೊಬ್ಬರ ಹಾಕಿದ ಗದ್ದೆಯಿದ್ದರೆ ಅದೆಲ್ಲ ನಗರದ ನಲ್ಲಿಗೆ ಬರುತ್ತದೆ. ಹಾಗಾಗಿ ಮುನಿಸಿಪಾಲಿಟಿ ಕೆರೆಯ ಸುತ್ತಿನ ಭೂಮಿಯನ್ನು ವಶಕ್ಕೆ ತೆಗೆದುಕೊಂಡಿತು, ಅಲ್ಲಿದ್ದ ಊರುಗಳನ್ನು ಎಬ್ಬಿಸಿತು, ವಾಸ, ಸಾಗುವಳಿ ನಿಲ್ಲಿಸಿತು. ಉಳುವುದು ನಿಂತ ಕಡೆ ಮತ್ತೆ ಕಾಡು ಎದ್ದಿತು. ವಿಹಾರಿನ ಜಲಾನಯನ ಸುಮಾರು 19 ಚದರ ಕಿ.ಮೀ., ತುಳಸಿಯದು ಸುಮಾರು 7. ಎರಡೂ ಸೇರಿ 26 ಚದರ ಕಿಲೋಮೀಟರಿನಷ್ಟು ನೆಲದ ಮೇಲೆ ಯಾರೂ ಬಂಗಲೆ ಕಟ್ಟದಂತೆ, ಗಿರಣಿ ಹಾಕದಂತೆ ನೋಡಿಕೊಳ್ಳುವ ಗರಜು ಇಡೀ ಪಟ್ಟಣಕ್ಕಿತ್ತು. ಈಗಲೂ ಈ ಕೆರೆಗಳು ಮಹಾನಗರಪಾಲಿಕೆಯ ಕೈಯಲ್ಲಿವೆ, ದಡಕ್ಕೆ ಸಾರ್ವಜನಿಕರನ್ನು ಬಿಡುವುದಿಲ್ಲ.

ಇದನ್ನು ಓದಿ ಬ್ರಿಟಿಷರು ಪರಿಸರಪ್ರೇಮಿಗಳಾಗಿದ್ದರು ಎಂದುಕೊಳ್ಳಬೇಡಿ. ಅವರಿಗೆ ಬೇಕಾದದ್ದು ನೀರು, ಮರ. ಎದ್ದುಹೋದ ಊರಿನವರ ನಷ್ಟವನ್ನು ನಾವು ಮರೆಯುವ ಹಾಗಿಲ್ಲ. ಕೆರೆಯಿಂದಾಚೆಯ ಗುಡ್ಡಗಳ ಮೇಲೆ 1878ರ ಅರಣ್ಯ ಕಾನೂನು ಬಂತು. ಸೌದೆ, ಸೊಪ್ಪು, ಮೇವಿನ ಮೇಲೆ ಬಿದ್ದ ನಿರ್ಬಂಧದ ವಿರುದ್ಧ ಠಾಣೆ ಜಿಲ್ಲೆಯ ಜನ ಎಷ್ಟು ಗಟ್ಟಿಯಾಗಿ ದೂರಿದರೆಂದರೆ, 1880ರ ದಶಕದಲ್ಲಿ ಸರಕಾರ ಅದರ ವಿಚಾರಣೆಗೆಂದೇ ಒಂದು ಆಯೋಗ ಕೂರಿಸಬೇಕಾಯಿತು. ಕಾಡು ಉಳಿಯಿತು, ಉಳಿಸಿದ ಬೆಲೆಯನ್ನು ತೆತ್ತವರು ನಗರದವರಲ್ಲ, ಗುಡ್ಡದವರು.

ಇದನ್ನೆಲ್ಲ ಒಮ್ಮೆ ಮುಲುಂಡಿನ ಹೋಟೆಲೊಂದರಲ್ಲಿ ಮಾತಾಡುತ್ತಿದ್ದಾಗ ಗಲ್ಲೆಯಲ್ಲಿ ಕೂತಿದ್ದ ಉಡುಪಿ ಕಡೆಯ ಹಿರಿಯರು, “ನಮ್ಮಲ್ಲಿ ನಾಗಬನ ಕಡಿಯಲಿಕ್ಕೆ ಹೆದರ್ತೇವೆ, ಇಲ್ಲಿಯವರು ನಲ್ಲಿ ನಿಂತೀತು ಅಂತ ಹೆದರಿದ್ರು, ಅಲ್ವಾ ಮಾರಾಯ್ರೆ” ಎಂದರು. ನನಗೂ ಅದು ಹೌದೆನಿಸಿತು. ಭಯ ಯಾವುದಾದರೂ ಇರಲಿ, ಕೊಡಲಿ ನಿಂತಿತು.

ಈಗ ಸರಕಾರ ನೆಟ್ಟದ್ದೇ ಎಂಬ ಪ್ರಶ್ನೆ. ಅಲ್ಲಲ್ಲಿ ನೆಟ್ಟದ್ದಿದೆ, ಆದರೆ ಕಾಡಿನ ಬಹುಪಾಲು ತಾನಾಗಿ ಬೆಳೆದದ್ದು. ಬೇಸಗೆಯಲ್ಲಿ ಎಲೆ ಉದುರಿಸುವ ಕಾಡು: ತೇಗ, ಮತ್ತಿ, ಬೂರುಗ, ಮುತ್ತುಗ, ಕಗ್ಗಲಿ. ಹೊಳೆಯ ಅಂಚಿಗೆ ನಿತ್ಯಹಸಿರು ಮರಗಳೂ ಸಿಗುತ್ತವೆ. ಮರಗಳ ಕೆಳಗೆ ಇಳಿಜಾರಿನ ತುಂಬ ಕಾರ್ವಿ ಎಂಬ ಪೊದೆ ಗಿಡ. ಅದು ಏಳೆಂಟು ವರ್ಷ ಹೂವಿಲ್ಲದೆ ಬೆಳೆದು, ಒಂದು ಮಳೆಗಾಲದ ಕೊನೆಗೆ ಗುಡ್ಡಕ್ಕೆ ಗುಡ್ಡವೇ ನೇರಳೆಯಾಗುವಂತೆ ಒಟ್ಟಿಗೆ ಹೂಬಿಟ್ಟು ಸಾಯುತ್ತದೆ. ಇಲ್ಲಿ 2016ರಲ್ಲಿ ಅರಳಿತು, ಮತ್ತೆ 2024ರಲ್ಲಿ. ಅದರ ಒಣ ಕೋಲುಗಳನ್ನು ಹೆಣೆದು, ಮೇಲೆ ಸಗಣಿ ಮಣ್ಣು ಮೆತ್ತಿ ಪಾಡಾದವರು ಮನೆಗೋಡೆ ಮಾಡುತ್ತಿದ್ದರು. ಗೋಡೆ ಹಗುರ, ಒಳಗೆ ತಂಪು.

ರಾಷ್ಟ್ರೀಯ ಉದ್ಯಾನ ಎಂಬ ಮಾತು ಬರುವುದು ಸ್ವಾತಂತ್ರ್ಯದ ಮೇಲೆ. 1950ರಲ್ಲಿ ಬೊಂಬಾಯಿ ರಾಜ್ಯ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಮಾಡಿತು. ಆಗ ಕೃಷ್ಣಗಿರಿ ಹೆಸರಿನಲ್ಲಿ ಉದ್ಯಾನವೆಂದು ಗುರುತಾಗಿದ್ದ ಜಾಗ ಬರೀ 20 ಚದರ ಕಿಲೋಮೀಟರಿನಷ್ಟು, ಅಂದರೆ ಈಗಿರುವುದರ ಐದರಲ್ಲೊಂದು ಪಾಲು. ಕಾನ್ಹೇರಿ ಕಡೆಯ ಮೆಟ್ಟಿಲು, ತೋಟ, ಗಾಂಧಿ ಸ್ಮಾರಕದ ದಿಬ್ಬ. ಭಾನುವಾರದ ತಿರುಗಾಟಕ್ಕೆ ಒಪ್ಪುವ ಉಪವನ. 1969ರಲ್ಲಿ ಸುತ್ತಲಿನ ಮೀಸಲು ಅರಣ್ಯಗಳನ್ನು ಸೇರಿಸಿ ದೊಡ್ಡದು ಮಾಡಿದರು. 1970ರ ದಶಕದಲ್ಲಿ ಬೊರಿವಲಿ ರಾಷ್ಟ್ರೀಯ ಉದ್ಯಾನವೆಂದಾಯಿತು, 1980ರ ದಶಕದಲ್ಲಿ ಸಂಜಯ್ ಗಾಂಧಿಯವರ ಹೆಸರು ಬಂತು. ಜನರ ಬಾಯಲ್ಲಿ ಮಾತ್ರ ಆಗಲೂ ಈಗಲೂ ನ್ಯಾಷನಲ್ ಪಾರ್ಕ್.

ಆ ಮೂವತ್ತು ವರ್ಷಗಳಲ್ಲಿ ಸುತ್ತಲಿನ ಮುಂಬಯಿ ಎಷ್ಟು ಬದಲಾಯಿತೆಂದು ನೆನೆಯಬೇಕು. 1957ರಲ್ಲಿ ಬೊರಿವಲಿ, ಮುಲುಂಡ್ ಕಡೆಯ ಊರುಗಳು ಬೃಹನ್ಮುಂಬಯಿಗೆ ಸೇರಿದವು. ಕೋಟೆ, ಮಾಟುಂಗಾ ಕಡೆ ಇದ್ದ ನಮ್ಮವರು ಎಷ್ಟೋ ಮಂದಿ ಸ್ವಂತ ಮನೆ ಬೇಕೆಂದು ಉತ್ತರಕ್ಕೆ ಸರಿದದ್ದು ಆಮೇಲೆಯೇ. ಉದ್ಯಾನದ ದಕ್ಷಿಣಕ್ಕೆ 1949ರಲ್ಲಿ ಆರೇ ಹಾಲಿನ ಕಾಲೊನಿ ಬಂತು. ನಗರದ ತಬೇಲೆಗಳ ಎಮ್ಮೆಗಳನ್ನು ಅಲ್ಲಿಗೆ ಸಾಗಿಸಿದರು. 1977ರಲ್ಲಿ ಪಕ್ಕದಲ್ಲೇ ಫಿಲ್ಮ್ ಸಿಟಿ. ಕಾಡಿನ ಅಂಚು ಎಲ್ಲಿ ಮುಗಿಯುತ್ತದೆ, ಊರು ಎಲ್ಲಿ ಶುರುವಾಗುತ್ತದೆ ಎಂಬುದು ಮಸುಕಾಗುತ್ತ ಹೋಯಿತು.

ಅದರ ಫಲ 1990ರ ದಶಕದಲ್ಲಿ ಕಂಡಿತು. ಉದ್ಯಾನದ ಗಡಿಯೊಳಗೆ ಸಾವಿರಗಟ್ಟಲೆ ಜೋಪಡಿಗಳೆದ್ದಿದ್ದವು, ಕಲ್ಲುಕೋರೆಗಳು ನಡೆಯುತ್ತಿದ್ದವು. 1995ರಲ್ಲಿ ಬಾಂಬೆ ಎನ್ವಿರಾನ್‌ಮೆಂಟಲ್ ಆಕ್ಷನ್ ಗ್ರೂಪ್ ಎಂಬ ಪರಿಸರ ಸಂಘಟನೆ ಹೈಕೋರ್ಟಿಗೆ ಹೋಯಿತು. 1997ರ ಮೇಯಲ್ಲಿ ಒತ್ತುವರಿ ತೆರವು ಮಾಡಬೇಕೆಂದು ಕೋರ್ಟು ಆದೇಶಿಸಿತು. ಬುಲ್‌ಡೋಜರು ಬಂತು. ಹಳೆಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು 7,000 ರೂಪಾಯಿ ಕಟ್ಟಿದರೆ ಬೇರೆ ಕಡೆ ಮನೆ ಎಂದಾಯಿತು. ಬಡವರ ಸೂರಿನ ಹಕ್ಕಿಗಾಗಿ ಹೋರಾಡುವ ನಿವಾರಾ ಹಕ್ ಸಂಘಟನೆಯವರ ವರ್ಷಗಟ್ಟಲೆಯ ಒತ್ತಾಯದ ಮೇಲೆ ಚಾಂದಿವಲಿಯಲ್ಲಿ ಸಂಘರ್ಷ ನಗರ ಎಂಬ ಪುನರ್ವಸತಿ ಬಡಾವಣೆ ಎದ್ದಿತು.

ಈ ಅಧ್ಯಾಯದ ಬಗ್ಗೆ ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ. ಆ ಆದೇಶ ಬರದೇ ಇದ್ದಿದ್ದರೆ ಕಾಡು ಇವತ್ತು ಇಷ್ಟು ಇರುತ್ತಿರಲಿಲ್ಲ. ಆದರೆ ಮೊದಲು ಮನೆ ಕೊಟ್ಟು ಆಮೇಲೆ ಎಬ್ಬಿಸಬೇಕಿತ್ತು. ಮಳೆ ಹತ್ತಿರ ಬಂದಾಗ ತಗಡಿನ ಸೂರು ಕಳೆದುಕೊಂಡವರಲ್ಲಿ ನಮ್ಮ ಕಟ್ಟಡಗಳಿಗೆ ಸಿಮೆಂಟು ಹೊತ್ತವರೂ ಇದ್ದರು, ನಮ್ಮ ಹೋಟೆಲುಗಳಲ್ಲಿ ಪಾತ್ರೆ ತೊಳೆದವರೂ ಇದ್ದರು. ಇನ್ನು ವಾರ್ಲಿ, ಕೋಕಣಾ, ಮಲ್ಹಾರ್ ಕೋಳಿ, ಕಾತಕರಿ ಕುಟುಂಬಗಳು ಒತ್ತುವರಿ ಮಾಡಿದವರೇ ಅಲ್ಲ. ಉದ್ಯಾನ ಎಂಬುದು ಹುಟ್ಟುವ ಮೊದಲೇ ಅವರ ಪಾಡಾಗಳು ಅಲ್ಲಿದ್ದವು. ಅವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಅನ್ಯಾಯ ಎಂದೇ ನಾನು ತಿಳಿದಿದ್ದೇನೆ.

ಆ ಪಾಡಾಗಳ ಬಳಿ ಹುಲಿದೇವರು ವಾಘೋಬಾನ ಗುಡಿಗಳಿವೆ. ಮರದ ಹಲಗೆಯ ಮೇಲೋ ಕಲ್ಲಿನ ಮೇಲೋ ಹುಲಿ, ಪಕ್ಕದಲ್ಲಿ ಸೂರ್ಯಚಂದ್ರ, ಮೈತುಂಬ ಸಿಂಧೂರ. ಪಿಲಿಚಾಮುಂಡಿಯ ಕೋಲ ನೋಡಿ ಬೆಳೆದ ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಲಿ ಈ ಗುಡ್ಡಗಳಿಂದ ಕಾಣೆಯಾಗಿ ಎಷ್ಟೋ ಕಾಲವಾಯಿತು, ಸಫಾರಿಯ ಆವರಣದಲ್ಲಿರುವುದನ್ನು ಬಿಟ್ಟರೆ. ಪೂಜೆಗೊಳ್ಳುವ ದೊಡ್ಡ ಬೆಕ್ಕುಗಳಲ್ಲಿ ಈಗ ಉಳಿದಿರುವುದು ಚಿರತೆ.

ಚಿರತೆಯ ಮಾತು ಬಂದರೆ ಜನ ಹೆದರುತ್ತಾರೆ, ಹೆದರಿಕೆಗೆ ಕಾರಣವೂ ಇತ್ತು. 2002ರಿಂದ 2004ರ ನಡುವೆ ದಾಳಿಗಳು ಹೆಚ್ಚಾಗಿ ಹಲವು ಜೀವ ಹೋದವು, ಸತ್ತವರಲ್ಲಿ ಮಕ್ಕಳೂ ಇದ್ದರು. ಆಗ ಎಲ್ಲ ಕಡೆ ನಡೆಯುತ್ತಿದ್ದ ಪರಿಹಾರ ಒಂದೇ: ಚಿರತೆ ಹಿಡಿ, ದೂರ ಒಯ್ದು ಬಿಡು. ಪುಣೆ ಜಿಲ್ಲೆಯ ಜುನ್ನರ್ ಕಡೆ ಕೆಲಸ ಮಾಡಿದ ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಅವರ ಅಧ್ಯಯನ ತೋರಿಸಿದ್ದು ಇದರ ತದ್ವಿರುದ್ಧ. ಪರಿಚಯವಿಲ್ಲದ ನೆಲದಲ್ಲಿ ತಂದು ಬಿಟ್ಟ ಚಿರತೆಯಿಂದ ದಾಳಿ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ಅವರ ತಂಡ ಕೊರಳಪಟ್ಟಿ ಹಾಕಿ ಮಾಳ್ಶೇಜ್ ಘಾಟಿನಲ್ಲಿ ಬಿಟ್ಟ ಆಜೋಬಾ ಎಂಬ ಗಂಡು ಚಿರತೆ ಸುಮಾರು 120 ಕಿಲೋಮೀಟರ್ ನಡೆದು ನಾಗ್ಲಾ ಕಾಡಿಗೆ ಬಂದು ಸೇರಿತು. 2011ರ ಡಿಸೆಂಬರಿನಲ್ಲಿ ಅಹಮದಾಬಾದ್ ಹೆದ್ದಾರಿ ದಾಟುವಾಗ ವಾಹನಕ್ಕೆ ಸಿಕ್ಕಿ ಸತ್ತಿತು.

ಅದೇ 2011ರಲ್ಲಿ ಅರಣ್ಯ ಇಲಾಖೆ, ಸಂಶೋಧಕರು, ನಾಗರಿಕರು ಸೇರಿ ‘ಮುಂಬಯಿಕರ್ಸ್ ಫಾರ್ ಎಸ್‌ಜಿಎನ್‌ಪಿ’ (ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕಿಗಾಗಿ ಮುಂಬಯಿಗರು) ಕಾರ್ಯಕ್ರಮ ಶುರುಮಾಡಿದರು. ಹೌಸಿಂಗ್ ಸೊಸೈಟಿಗಳಿಗೆ ಹೋಗಿ ಹೇಳಿದ್ದು ಸರಳ ವಿಷಯ: ಕಸ ಬಯಲಲ್ಲಿ ಸುರಿಯಬೇಡಿ, ಕಸಕ್ಕೆ ನಾಯಿ ಬರುತ್ತದೆ, ನಾಯಿಗೆ ಚಿರತೆ ಬರುತ್ತದೆ, ಸಂಜೆಯ ಮೇಲೆ ಮಕ್ಕಳನ್ನು ಒಂಟಿಯಾಗಿ ಕಾಡಿನಂಚಿಗೆ ಕಳಿಸಬೇಡಿ, ಚಿರತೆ ಕಂಡಕೂಡಲೇ ಬೋನು ಇಡಿ ಎಂದು ಗಲಾಟೆ ಮಾಡಬೇಡಿ. ದಾಳಿಗಳು ಬಹಳ ಇಳಿದವು. 2015ರ ಕ್ಯಾಮೆರಾ ಗಣತಿಯಲ್ಲಿ ಉದ್ಯಾನ ಮತ್ತು ಆರೇ ಸುತ್ತಮುತ್ತ 35 ಚಿರತೆ, 2018ರಲ್ಲಿ 47. ಕೋಟಿಗೂ ಮೀರಿದ ಜನರ ನಗರದಲ್ಲಿ ಇಷ್ಟು ಚಿರತೆಗಳಿದ್ದೂ ಹೆಚ್ಚಿನವರು ಒಂದನ್ನೂ ಕಾಣದೆ ಬದುಕು ಕಳೆಯುತ್ತಾರೆ.

ಈಗ ನೀವು ಕೇಳದಿದ್ದರೂ ಕೇಳಲೇಬೇಕಾದ ಪ್ರಶ್ನೆ: ನೀರೇ ಕಾಡನ್ನು ಉಳಿಸಿದ್ದಾದರೆ, ಆ ಗರಜು ಇನ್ನೂ ಇದೆಯೇ? ಲೆಕ್ಕ ನೋಡಿ. ಮುಂಬಯಿಗೆ ನೀರು ಕೊಡುವ ಏಳು ಕೆರೆಗಳ ಒಟ್ಟು ಸಾಮರ್ಥ್ಯ ಸುಮಾರು 14.47 ಲಕ್ಷ ದಶಲಕ್ಷ ಲೀಟರ್. ಅದರಲ್ಲಿ ವಿಹಾರ್ 27,698, ತುಳಸಿ 8,046. ಎರಡೂ ಕೂಡಿದರೆ ನೂರಕ್ಕೆ ಎರಡೂವರೆ. ಭಾತ್ಸಾ, ವೈತರಣಾದಂಥ ದೊಡ್ಡ ಜಲಾಶಯಗಳು ಬಂದ ಮೇಲೆ ಹಳೆಯ ಎರಡು ಕೆರೆಗಳು ನಗರದ ಬಾಯಾರಿಕೆಯ ಲೆಕ್ಕದಲ್ಲಿ ತೀರಾ ಚಿಕ್ಕವಾದವು. ನನಗೆ ಕಳವಳವಾಗುವುದು ಇದೇ ಜಾಗದಲ್ಲಿ. ನಲ್ಲಿಯ ಹೆದರಿಕೆ ಕಡಿಮೆಯಾದಷ್ಟೂ ಕಾಡಿನ ಕಾವಲು ಬರೀ ಕಾಗದದ ಮೇಲಿನ ಕಾನೂನಿಗೆ ಬೀಳುತ್ತದೆ.

ಆದರೆ ಕುಡಿಯುವ ನೀರೊಂದೇ ನೀರಲ್ಲ. ತುಳಸಿ ತುಂಬಿದರೆ ವಿಹಾರಿಗೆ ಹರಿಯುತ್ತದೆ; ವಿಹಾರ್, ಪವಾಯಿ ತುಂಬಿ ಚೆಲ್ಲಿದ್ದೇ ಮೀಠಿ ನದಿ. ದಹಿಸರ್, ಪೊಯಿಸರ್, ಓಶಿವಾರಾ ನದಿಗಳೂ ಈ ಗುಡ್ಡಗಳಲ್ಲೇ ಹುಟ್ಟುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮೀಠಿ ದಂಡೆಯ ಕುರ್ಲಾ, ಕಾಲಿನಾ ಏನಾದವೆಂಬುದು ಅಂದು ಇಲ್ಲಿದ್ದ ಯಾರಿಗೂ ಮರೆತಿಲ್ಲ. ಕೆಳಗಿನ ನದಿಯ ಪಾತ್ರವನ್ನು ಕಟ್ಟಡ, ಕಸ, ರಸ್ತೆಗಳು ಒತ್ತಿಹಾಕಿದ್ದವು. ಮೇಲಿನ ಇಳಿಜಾರಿನಲ್ಲಿ ಮರ, ತರಗೆಲೆ, ಬೇರು ಇಲ್ಲದೆ ಬರೀ ಬಂಡೆ, ಕಾಂಕ್ರೀಟು ಇದ್ದರೆ ನೀರು ಇನ್ನೂ ಬೇಗ, ಇನ್ನೂ ಒಟ್ಟಿಗೆ ಕೆಳಗಿಳಿಯುತ್ತದೆ. ಇಂದಿನ ಮುಂಬಯಿಗೆ ಈ ಕಾಡಿನಿಂದ ಆಗುತ್ತಿರುವ ದೊಡ್ಡ ಉಪಕಾರ ಇದೆಂದು ನಾನು ನಂಬುತ್ತೇನೆ. ಇದು ನಲ್ಲಿಯ ಬಿಲ್ಲಿನಲ್ಲಿ ಕಾಣುವುದಿಲ್ಲ, ಹಾಗಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

2016ರಲ್ಲಿ ಉದ್ಯಾನದ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಯಿತು. 2019ರ ಅಕ್ಟೋಬರಿನಲ್ಲಿ ಮೆಟ್ರೋ ಕಾರ್ ಶೆಡ್ಡಿಗಾಗಿ ಆರೇಯಲ್ಲಿ ರಾತ್ರೋರಾತ್ರಿ ಎರಡು ಸಾವಿರಕ್ಕೂ ಹೆಚ್ಚು ಮರ ಉರುಳಿದವು, ಸುಪ್ರೀಂ ಕೋರ್ಟು ತಡೆ ಕೊಡುವಷ್ಟರಲ್ಲಿ ಹೆಚ್ಚಿನ ಕೆಲಸ ಮುಗಿದಿತ್ತು. ಮರುವರ್ಷ ಆರೇಯ ಸುಮಾರು 800 ಎಕರೆಯನ್ನು ಮೀಸಲು ಅರಣ್ಯವಾಗಿಸುವ ನಿರ್ಧಾರ ಬಂತು. ಬೀದಿಗಿಳಿದ ಯುವಕರಿಗೆ, ಪಾಡಾದ ಹೆಂಗಸರಿಗೆ ಅದರ ಶ್ರೇಯ ಸಲ್ಲಬೇಕು. ಈಗ ಠಾಣೆಯಿಂದ ಬೊರಿವಲಿಗೆ ಉದ್ಯಾನದ ಅಡಿಯಿಂದ ಜೋಡಿ ಸುರಂಗ ಬರುತ್ತಿದೆ. ಒಟ್ಟು ಉದ್ದ ಸುಮಾರು 12 ಕಿಲೋಮೀಟರ್, ಶಂಕುಸ್ಥಾಪನೆ 2024ರ ಜುಲೈಯಲ್ಲಿ ಆಯಿತು. ಗೋರೆಗಾಂವ್–ಮುಲುಂಡ್ ರಸ್ತೆಗೂ ಸುರಂಗಗಳಿವೆ. ಮೇಲೆ ರಸ್ತೆ ಹಾಕಿ ಕಾಡು ಸೀಳುವುದಕ್ಕಿಂತ ಸುರಂಗ ಮೇಲು ಎಂಬುದು ನಿಜ. ಘೋಡ್‌ಬಂದರ್ ರಸ್ತೆಯ ಟ್ರಾಫಿಕ್ಕಿನಲ್ಲಿ ದಿನವೂ ಸಿಕ್ಕಿಬೀಳುವವರ ಕಷ್ಟವೂ ನಿಜ. ನಾನು ಕೇಳಿಕೊಳ್ಳುವುದು ಇಷ್ಟೇ: ಬಂಡೆ ಕೊರೆಯುವಾಗ ಒಳಗಿನ ಒರತೆಗಳಿಗೆ ಏನಾಗುತ್ತದೆ, ಸುರಂಗದ ಬಾಯಿಗಳ ಸುತ್ತ ಎಷ್ಟು ಮರ ಹೋಗುತ್ತದೆ, ತೆಗೆದ ಕಲ್ಲು ಮಣ್ಣು ಎಲ್ಲಿ ಬೀಳುತ್ತದೆ ಎಂಬುದನ್ನು ಹತ್ತಿರದಲ್ಲಿರುವ ನಾವು ಗಮನಿಸಬೇಕು. ನೀವು ಬೊರಿವಲಿ ಪೂರ್ವದವರು, ಸುರಂಗದ ಒಂದು ಬಾಯಿ ತೆರೆಯುವುದೂ ನಿಮ್ಮ ಕಡೆಯೇ. ಸೊಸೈಟಿಯ ಸಭೆಯಲ್ಲಿ ಪಾರ್ಕಿಂಗಿನ ಜೊತೆ ಈ ವಿಷಯವೂ ಬರಲಿ.

ಮಕ್ಕಳಿಗೆ ಹೇಳುವುದಾದರೆ ಮಳೆಗಾಲದ ಒಂದು ದಿನ ಕಾನ್ಹೇರಿಗೆ ಕರೆದುಕೊಂಡು ಹೋಗಿ. ಸೋಮವಾರ ರಜೆ. ಬೆಳಿಗ್ಗೆ ಬೇಗ ಹೊರಟರೆ ಜನಸಂದಣಿ ಇರುವುದಿಲ್ಲ. 3ನೇ ಗುಹೆ ನೋಡಿ ಅಲ್ಲಿಗೇ ನಿಲ್ಲದೆ, ಬಂಡೆಯ ಮೆಟ್ಟಿಲು ಹಿಡಿದು ಮೇಲಕ್ಕೆ ಹೋಗಿ; ಪಾಚಿ ಜಾರುತ್ತದೆ, ಹಿಡಿತವಿರುವ ಚಪ್ಪಲಿ ಬೇಕು. ಒಂದು ತೊಟ್ಟಿ ಆರಿಸಿಕೊಂಡು, ಅದಕ್ಕೆ ನೀರು ಎಲ್ಲಿಂದ ಬರುತ್ತದೆ ಎಂದು ಕಾಲುವೆಯ ಗೀರು ಹುಡುಕುತ್ತ ಮೇಲಕ್ಕೆ ಹೋಗಲು ಮಕ್ಕಳಿಗೇ ಹೇಳಿ. ತುದಿಗೆ ಹೋದಾಗ, ಮೋಡ ಸರಿದಿದ್ದರೆ, ಕಾಡಿನಾಚೆಗೆ ನಗರ ಕಾಣುತ್ತದೆ. ಅಮೋಘವರ್ಷನ ಶಾಸನಗಳನ್ನು ನೋಡಬೇಕಿದ್ದರೆ ದರ್ಬಾರ್ ಸಭಾಂಗಣವೆಂದು ಕರೆಯುವ 11ನೇ ಗುಹೆಯ ದಾರಿಯನ್ನು ಕಾವಲುಗಾರರಲ್ಲಿ ಕೇಳಿ, ಅವರು ತೋರಿಸುತ್ತಾರೆ.